ಬೆಳಗ್ಗೆ ಐದೂವರೆಗೆ ಬರಲಾಗದವರ ಯೋಗ: ಮೈಸೂರಿನ ಅಧಿಕಾರಿಗಳಿಗೂ ಯೋಗ ಗುರುಗಳಿಗೂ ಒಂದು ಬಹಿರಂಗ ಪತ್ರ

ಮೈಸೂರು ಜಿಲ್ಲಾಧಿಕಾರಿಗಳಿಗೆ, ಮಹಾನಗರ ಪಾಲಿಕೆಯ ಆಯುಕ್ತರಿಗೆ, ಮತ್ತು ಈ ಊರಿನ ಎಲ್ಲಾ ಯೋಗ ಗುರುಗಳಿಗೆ,

ನಮಸ್ಕಾರ.

ಜೂನ್ 21ರ ಯೋಗ ದಿನ ಹತ್ತಿರ ಬಂತು ಅಂದ್ರೆ ನಮ್ಮೂರಿನಲ್ಲಿ ಸಡಗರ ಶುರುವಾಗುತ್ತದೆ. ಯಾವ ಮೈದಾನ, ಎಷ್ಟು ಸಾವಿರ ಜನ, ಯಾವ ಶಾಲೆಯಿಂದ ಎಷ್ಟು ಮಕ್ಕಳು, ಟೀ ಶರ್ಟು ಯಾರು ಕೊಡ್ತಾರೆ, ಬಸ್ಸು ಎಲ್ಲಿ ನಿಲ್ಲಬೇಕು. ತಾಲೀಮಿನ ಮೇಲೆ ತಾಲೀಮು. ಇದರಲ್ಲಿ ನನಗೇನೂ ತಕರಾರಿಲ್ಲ. ಅಷ್ಟು ಜನ ಒಟ್ಟಿಗೆ ಕೈ ಎತ್ತುವುದನ್ನು ನೋಡೋಕೆ ಚೆನ್ನಾಗಿಯೇ ಇರುತ್ತದೆ. ಆದರೆ ಈ ಪತ್ರ ಆ ದಿನದ ಬಗ್ಗೆ ಅಲ್ಲ. ಮಿಕ್ಕ ದಿನಗಳ ಮಧ್ಯಾಹ್ನ ಮೂರೂವರೆ ಗಂಟೆಯ ಬಗ್ಗೆ.

ಮೈಸೂರಿನಲ್ಲಿ ಉಚಿತ ಯೋಗ ತರಗತಿಗಳಿಗೆ ಬರವಿಲ್ಲ. ಪಾರ್ಕುಗಳಲ್ಲಿ, ದೇವಸ್ಥಾನದ ಅಂಗಳದಲ್ಲಿ, ಕಲ್ಯಾಣ ಮಂಟಪಗಳಲ್ಲಿ, ಶಾಲೆಯ ಹಾಲುಗಳಲ್ಲಿ ನಡೆಯುತ್ತಲೇ ಇವೆ. ಒಂದು ಪೈಸೆ ತೆಗೆದುಕೊಳ್ಳದೆ ವರ್ಷಗಟ್ಟಲೆ ಹೇಳಿಕೊಡುವವರು ಇದ್ದಾರೆ. ಅವರಿಗೆ ಕೈ ಮುಗಿಯಬೇಕು. ಆದರೆ ಹೆಚ್ಚುಕಮ್ಮಿ ಎಲ್ಲವೂ ಬೆಳಗ್ಗೆ ಐದರಿಂದ ಏಳರ ಒಳಗೆ ಮುಗಿದುಹೋಗುತ್ತವೆ. ಆ ಹೊತ್ತಿನಲ್ಲಿ ಯಾರಿಗೆ ಬಿಡುವಿರುತ್ತದೆ ಹೇಳಿ? ರಿಟೈರ್ ಆದವರಿಗೆ. ಎದ್ದ ಕೂಡಲೇ ಕಾಫಿ ಲೋಟ ಕೈಗೆ ಬರುವವರಿಗೆ. ಒಟ್ಟಿನಲ್ಲಿ, ತಮ್ಮ ಬೆಳಗ್ಗೆ ತಮ್ಮದೇ ಆಗಿರುವವರಿಗೆ.

ಅದೇ ಹೊತ್ತಿನಲ್ಲಿ ಊರಿನ ಉಳಿದವರು ಏನು ಮಾಡುತ್ತಿರುತ್ತಾರೆ ನೋಡಿ. ಪೌರಕಾರ್ಮಿಕರು ಹಾಜರಿ ಹಾಕಿ ಪೊರಕೆ ಹಿಡಿದಿರುತ್ತಾರೆ. ಹಾಲು, ಪೇಪರು, ಹೂವು, ಸೊಪ್ಪಿನವರು ಬೀದಿಯಲ್ಲಿರುತ್ತಾರೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಕಂಪನಿ ಬಸ್ಸು ಹಿಡಿಯುವ ಮುಂಚೆ ಎರಡು ಹೊತ್ತಿನ ಅಡುಗೆ ಮುಗಿಸುತ್ತಿರುತ್ತಾರೆ. ಮನೆಯಲ್ಲೇ ಇರುವ ಹೆಂಗಸರ ಪಾಡಂತೂ ಕೇಳೋದೇ ಬೇಡ. ನೀರು ಹಿಡಿಯೋದು, ಬಾಗಿಲು ಸಾರಿಸಿ ರಂಗೋಲಿ ಹಾಕೋದು, ತಿಂಡಿ, ಡಬ್ಬಿ, ಮಕ್ಕಳ ಯೂನಿಫಾರ್ಮು, ಅತ್ತೆಯವರ ಮಾತ್ರೆ. ನಮ್ಮ ಬೀದಿಗೆ ಮನೆಗೆಲಸಕ್ಕೆ ಬರುವ ಒಬ್ಬರನ್ನು ಕೇಳಿದ್ದೆ, ನೀವೂ ಯೋಗಕ್ಕೆ ಬನ್ನಿ ಅಂತ. "ಅಕ್ಕಾ, ಐದೂವರೆಗೆ ನಾನು ಯೋಗ ಮಾಡ್ತಾ ಕೂತ್ರೆ ನಿಮ್ಮನೆ ಪಾತ್ರೆ ತೊಳೆಯೋರು ಯಾರು?" ಅಂದರು. ಇದಕ್ಕೆ ಉತ್ತರ ಏನಿದೆ?

ನಾನು ಕುವೆಂಪುನಗರದ ಕಡೆ ಯೋಗ ಹೇಳಿಕೊಡುವವಳು. ಬೆಳಗಿನ ತರಗತಿಯೂ ಉಂಟು, ಮಧ್ಯಾಹ್ನದ್ದೂ ಉಂಟು. ಎರಡಕ್ಕೂ ಬರುವ ಜನ ಬೇರೆ, ಅವರ ನೋವೂ ಬೇರೆ. ನಿಮ್ಮ ಮುಂದೆ ಇಡುವ ಬೇಡಿಕೆ ಒಂದೇ: ನಗರದ 65 ವಾರ್ಡುಗಳಲ್ಲೂ ಮಧ್ಯಾಹ್ನವೋ ಸಂಜೆಯೋ ಒಂದು ಯೋಗ ತರಗತಿ ನಡೆಯುವಂತೆ ಮಾಡಿ. ದಿನಾ ಆಗದಿದ್ದರೆ ವಾರಕ್ಕೆ ಮೂರು ದಿನ. ಇಷ್ಟಕ್ಕೆ ಇಷ್ಟುದ್ದ ಪತ್ರ ಯಾಕೆ ಅಂತೀರಾ? ಹೇಳಬೇಕಾದ್ದು ಸ್ವಲ್ಪ ಇದೆ.

ಮೊದಲು ಸಮಯದ ಮಾತು. "ಯೋಗ ಅಂದ್ರೆ ಬ್ರಾಹ್ಮೀ ಮುಹೂರ್ತದಲ್ಲೇ ಮಾಡಬೇಕು, ಮಧ್ಯಾಹ್ನ ಎಂಥ ಯೋಗ?" ಅಂತ ಕೇಳುವ ಹಿರಿಯರು ಇದ್ದಾರೆ. ಮುಂಜಾನೆ ಒಳ್ಳೆಯ ಹೊತ್ತು, ಇಲ್ಲ ಅನ್ನಲ್ಲ. ಹೊಟ್ಟೆ ಖಾಲಿ ಇರುತ್ತದೆ, ಗಾಳಿ ತಂಪಾಗಿರುತ್ತದೆ, ಫೋನು ಬಡಿದುಕೊಳ್ಳುವುದಿಲ್ಲ. ಆದರೆ ಹಠಯೋಗ ಪ್ರದೀಪಿಕೆಯನ್ನೇ ತೆಗೆದು ನೋಡಿ. ಪ್ರಾಣಾಯಾಮವನ್ನು ದಿನಕ್ಕೆ ನಾಲ್ಕು ಸಲ ಮಾಡು ಅನ್ನುತ್ತದೆ: ಬೆಳಗ್ಗೆ, ಮಧ್ಯಾಹ್ನ, ಸಂಜೆ, ನಡುರಾತ್ರಿ. ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ. ಯುವಕನೋ, ಮುದುಕನೋ, ತೀರಾ ಮುದುಕನೋ, ಕಾಯಿಲೆಯವನೋ, ಬಲ ಇಲ್ಲದವನೋ, ಆಲಸ್ಯ ಬಿಟ್ಟು ಅಭ್ಯಾಸ ಮಾಡಿದರೆ ಯಾರಿಗಾದರೂ ಫಲ ಉಂಟು ಅಂತ. ಊಟ ಆಗಿ ಮೂರು ಗಂಟೆ ಕಳೆದಿದ್ದರೆ ಸಾಕು. ನಮ್ಮ ಹೆಂಗಸರು ಮುಂಚೆ ಉಂಡರೆ ಹನ್ನೆರಡೂವರೆ. ಮೂರೂವರೆಗೆ ಅವರ ಕೈ ಖಾಲಿ, ಹೊಟ್ಟೆಯೂ ಹಗುರ. ಮಕ್ಕಳು ಸ್ಕೂಲಿಂದ ಬರೋಕೆ ಇನ್ನೂ ಸ್ವಲ್ಪ ಹೊತ್ತಿರುತ್ತದೆ. ಇಡೀ ದಿನದಲ್ಲಿ ಅವರದು ಅಂತ ಇರುವುದು ಈ ಒಂದು ಗಂಟೆ ಮಾತ್ರ. ಎಷ್ಟೋ ಪಾರ್ಕುಗಳ ಗೇಟು ಮುಚ್ಚಿರುವುದೂ ಆ ಹೊತ್ತಿನಲ್ಲೇ.

ಇನ್ನು ಇತಿಹಾಸ. ಇದನ್ನು ಯೋಗ ದಸರಾ ವೇದಿಕೆಗಳಲ್ಲಿ ಬೇಕಾದಷ್ಟು ಸಲ ಕೇಳಿರುತ್ತೀರಿ. ಆದರೂ ಒಂದು ಭಾಗವನ್ನು ನಾವು ಬೇಗ ದಾಟಿ ಹೋಗುತ್ತೇವೆ ಅನ್ನಿಸುತ್ತದೆ. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಆಸರೆ ಕೊಟ್ಟರು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು. ಮರುವರ್ಷ ಆಚಾರ್ಯರು 'ಯೋಗ ಮಕರಂದ' ಬರೆದರು. ಅದನ್ನು ಕನ್ನಡದಲ್ಲಿ ಬರೆದರು ಅನ್ನುವುದನ್ನು ಗಮನಿಸಿ. ಹಾಸನದ ಹತ್ತಿರದ ಕೌಶಿಕದಿಂದ ಬಂದ ಪಟ್ಟಾಭಿ ಜೋಯಿಸರು ಅವರ ಶಿಷ್ಯರು. ಕೋಲಾರದ ಕಡೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರೂ ಅವರ ಶಿಷ್ಯರೇ. ಅಯ್ಯಂಗಾರರು 1934ರಲ್ಲಿ ಮೈಸೂರಿಗೆ ಬಂದಾಗ ಬಡಕಲು ಹುಡುಗ. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲಾ ಕಂಡ ದೇಹ. ಆ ದೇಹವನ್ನೇ ಪಳಗಿಸಿ ಮುಂದೆ ಅವರು ಜಗತ್ತಿಗೆ ಯೋಗ ಕಲಿಸಿದರು.

ಇಂದ್ರಾ ದೇವಿಯವರ ಕಥೆ ನನಗೆ ಬಹಳ ಇಷ್ಟ. ಯುರೋಪಿನ ರಿಗಾದಲ್ಲಿ ಹುಟ್ಟಿದ ಹೆಂಗಸು. 1937ರಲ್ಲಿ ಬಂದು ಕಲಿಸಿ ಅಂತ ಕೇಳಿದಾಗ ಆಚಾರ್ಯರು ಒಪ್ಪಲಿಲ್ಲ. ವಿದೇಶಿ, ಅದರ ಮೇಲೆ ಹೆಂಗಸು. ಕೊನೆಗೆ ಮಹಾರಾಜರು ಹೇಳಿದ ಮೇಲೆ ಸೇರಿಸಿಕೊಂಡರು. ಆಕೆ ಮುಂದೆ ಹಾಲಿವುಡ್ಡಿಗೇ ಹೋಗಿ ಯೋಗ ಶಾಲೆ ತೆರೆದರು. ಅಂದರೆ ಅರಮನೆಯ ಬಾಗಿಲು ಒಬ್ಬ ಹೆಂಗಸಿಗೆ ತೆರೆಯಬೇಕಾದರೆ ಅಧಿಕಾರದಲ್ಲಿದ್ದವರು ಒಂದು ಮಾತು ಹೇಳಬೇಕಾಯಿತು. ಈಗ ಆ ಜಾಗದಲ್ಲಿ ನೀವಿದ್ದೀರಿ.

ಅರಮನೆಯ ಯೋಗಶಾಲೆ 1950ರಲ್ಲಿ ಮುಚ್ಚಿತು. ಸ್ವಾತಂತ್ರ್ಯ ಬಂದಿತ್ತು, ಅರಮನೆಯ ಆಸರೆ ತಪ್ಪಿತ್ತು. ಮಹಾರಾಜರ ಕಾಲದ ಆಸ್ಪತ್ರೆಯನ್ನು ಸರ್ಕಾರ ಮುಂದುವರಿಸಿತು, ಕಾಲೇಜುಗಳನ್ನು ಮುಂದುವರಿಸಿತು. ಯೋಗಶಾಲೆಯನ್ನು ಮಾತ್ರ ಯಾರೂ ಮುಂದುವರಿಸಲಿಲ್ಲ. ಕೃಷ್ಣಮಾಚಾರ್ಯರು ಊರು ಬಿಟ್ಟು ಕೊನೆಗೆ ಮದರಾಸಿನಲ್ಲಿ ನೆಲೆಸಿದರು. ಅಲ್ಲಿಂದಾಚೆಗೆ ಮೈಸೂರಿನ ಯೋಗ ಖಾಸಗಿ ಮನೆಗಳಲ್ಲಿ ಬೆಳೆಯಿತು. ಲಕ್ಷ್ಮೀಪುರಂನಲ್ಲಿ ಜೋಯಿಸರ ಮನೆ, ಆಮೇಲೆ ಗೋಕುಲಂ. ವಿದೇಶಿಯರು ಬಂದರು, ದುಡ್ಡು ಬಂತು, ಬಾಡಿಗೆ ಮನೆಗಳಿಗೆ ಬೆಲೆ ಬಂತು, ಎಳನೀರಿನವರಿಗೆ ವ್ಯಾಪಾರ ಬಂತು. ತಪ್ಪೇನಿಲ್ಲ. ಆದರೆ ಸಾರ್ವಜನಿಕ ದುಡ್ಡಿನಲ್ಲಿ ಹುಟ್ಟಿದ ವಿದ್ಯೆ ನಮ್ಮೂರಿನ ಸಾರ್ವಜನಿಕರಿಗೆ ಎಷ್ಟು ಸಿಕ್ಕಿತು ಅಂತ ಯಾರಾದರೂ ಕೇಳಬೇಕಲ್ವಾ?

ಜೋಯಿಸರ ಮನೆಯಿಂದ ಜಗತ್ತಿಗೆ ಹೋದ ಒಂದು ಪದ್ಧತಿ ಇದೆ. ನ್ಯೂಯಾರ್ಕಿನಿಂದ ಟೋಕಿಯೋವರೆಗೆ ಅದನ್ನು 'ಮೈಸೂರು ಸ್ಟೈಲ್' ಅಂತಲೇ ಕರೆಯುತ್ತಾರೆ. ಎಲ್ಲರೂ ಒಂದೇ ಕೋಣೆಯಲ್ಲಿ ಇರುತ್ತಾರೆ. ಆದರೆ ಒಬ್ಬೊಬ್ಬರದು ಒಂದೊಂದು ಹಂತ. ಒಬ್ಬರು ಆಗ ತಾನೇ ಬಂದು ಚಾಪೆ ಹಾಸುತ್ತಿದ್ದರೆ, ಇನ್ನೊಬ್ಬರು ಮುಗಿಸಿ ಶವಾಸನದಲ್ಲಿ ಮಲಗಿರುತ್ತಾರೆ. ಮೈಕಿನಲ್ಲಿ ಆಜ್ಞೆ ಇಲ್ಲ. ಅವರವರ ಉಸಿರಿಗೆ ತಕ್ಕ ಹಾಗೆ ಅವರವರು ಮಾಡುತ್ತಾರೆ. ಗುರುಗಳು ಮಧ್ಯೆ ಓಡಾಡುತ್ತಾ ಯಾರಿಗೆ ಏನು ಬೇಕೋ ಅಷ್ಟು ಹೇಳುತ್ತಾರೆ. ವಾರದಲ್ಲಿ ಒಂದೆರಡು ದಿನ ಎಣಿಕೆ ಹಾಕಿ ಒಟ್ಟಿಗೆ ಮಾಡಿಸುವುದೂ ಉಂಟು, ಆದರೆ ಜೀವಾಳ ಇದೇ.

ಯೋಚನೆ ಮಾಡಿ ನೋಡಿ. ಜೂನ್ 21ಕ್ಕೆ ನಾವು ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ. ಸಾವಿರಾರು ಜನ, ಒಂದೇ ಮೈಕು, ಒಂದೇ ವೇಗ. ಮಂಡಿ ನೋವಿನ ಅಜ್ಜಿಯೂ ಎನ್‌ಸಿಸಿ ಹುಡುಗನೂ ಒಂದೇ ಆಸನ. 2017ರಲ್ಲಿ ರೇಸ್ ಕೋರ್ಸ್ ಮೈದಾನದಲ್ಲಿ 55,506 ಜನ ಸೇರಿ ಗಿನ್ನೆಸ್ ದಾಖಲೆ ಮಾಡಿದೆವು. ಮರುವರ್ಷ ರಾಜಸ್ಥಾನದ ಕೋಟಾದವರು ಒಂದು ಲಕ್ಷ ದಾಟಿಸಿ ಅದನ್ನು ಮುರಿದರು. ಹೋಗಲಿ ಬಿಡಿ, ದಾಖಲೆ ಇರೋದೇ ಮುರಿಯೋಕೆ. 2022ರಲ್ಲಿ ಪ್ರಧಾನಿಯವರು ಅರಮನೆ ಅಂಗಳಕ್ಕೆ ಬಂದು ಸುಮಾರು 15,000 ಜನರ ಜೊತೆ ಯೋಗ ಮಾಡಿದ್ದು ಊರಿಗೆ ಹೆಮ್ಮೆಯೇ. ಆದರೆ ನಮ್ಮ ಹೆಸರಿನಲ್ಲೇ ಇರುವ ಪದ್ಧತಿ, ಹೊತ್ತಿಗೆ ಹೊಂದಿಕೊಳ್ಳುವ, ದೇಹಕ್ಕೆ ಹೊಂದಿಕೊಳ್ಳುವ ಪದ್ಧತಿ, ಗಾಂಧಿನಗರದಲ್ಲೋ ಉದಯಗಿರಿಯಲ್ಲೋ ಸಿಗುವುದಿಲ್ಲ. ಮಧ್ಯಾಹ್ನ ಮೂರರಿಂದ ಐದರವರೆಗೆ ಒಂದು ಹಾಲು ತೆರೆದಿರಲಿ. ಬಿಡುವಾದವರು ಬರಲಿ, ಮುಗಿದವರು ಹೋಗಲಿ. ನಾನು ಕೇಳುತ್ತಿರುವುದು ಮೈಸೂರಿಗೆ ಮೈಸೂರು ಸ್ಟೈಲನ್ನೇ.

ದೇಹಕ್ಕೆ ಹೊಂದಿಕೊಳ್ಳುವುದು ಅಂದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬೆಳಗಿನ ತರಗತಿಯ ಪಾಠವನ್ನೇ ಮಧ್ಯಾಹ್ನಕ್ಕೆ ತಂದಿಟ್ಟರೆ ಕೆಲಸ ಆಗಲ್ಲ.

ಊದುಬತ್ತಿ ಹೊಸೆಯುವವರು ಮೈಸೂರಿನಲ್ಲಿ ಎಷ್ಟೊಂದು ಮನೆಗಳಲ್ಲಿ ಇದ್ದಾರೆ ನಿಮಗೆ ಗೊತ್ತು. ಬೀಡಿ ಕಟ್ಟುವವರೂ ಹಾಗೆಯೇ. ದಿನವಿಡೀ ಚಕ್ಕಳಮಕ್ಕಳ ಹಾಕಿ, ಮಣೆಯ ಮೇಲೋ ಮೊರದ ಮೇಲೋ ಬಗ್ಗಿ ಕೂತಿರುತ್ತಾರೆ. ಇಂಥವರಿಗೆ ಹೋಗಿ "ಪದ್ಮಾಸನ ಹಾಕಿ, ಮುಂದಕ್ಕೆ ಬಗ್ಗಿ" ಅಂದರೆ ಏನು ಬಂತು? ಅದನ್ನೇ ಅಲ್ವಾ ಅವರು ಬೆಳಗಿನಿಂದ ಮಾಡಿದ್ದು! ಅವರಿಗೆ ಬೇಕಾದದ್ದು ನಿಲ್ಲುವುದು, ಎದೆ ಬಿಚ್ಚುವುದು, ಹಿಂದಕ್ಕೆ ಬಾಗುವುದು. ಗೋಡೆಗೆ ಬೆನ್ನು ಕೊಟ್ಟು ತಾಡಾಸನ. ಬೋರಲು ಮಲಗಿ ಮೆಲ್ಲಗೆ ಭುಜಂಗಾಸನ. ಅಂಗೈ ಗೋಡೆಗೆ ಒತ್ತಿ ಬೆರಳು ಚಾಚುವುದು. ಕತ್ತನ್ನು ಆ ಕಡೆ ಈ ಕಡೆ ತಿರುಗಿಸುವುದು. ಇಷ್ಟಕ್ಕೇ "ಬೆನ್ನು ಬಿಟ್ಕೊಂಡಂಗಾಯ್ತು ಮೇಡಂ" ಅನ್ನುತ್ತಾರೆ.

ಪೌರಕಾರ್ಮಿಕರದು ಬೇರೆ ಲೆಕ್ಕ. ಗುಡಿಸುವ ಕೆಲಸದಲ್ಲಿ ಸೊಂಟ ಒಂದೇ ಪಕ್ಕಕ್ಕೆ ತಿರುಗಿ ತಿರುಗಿ ಗಟ್ಟಿಯಾಗಿರುತ್ತದೆ, ಒಂದು ಹೆಗಲು ಇನ್ನೊಂದಕ್ಕಿಂತ ಕೆಳಗಿರುತ್ತದೆ. ಅವರಿಗೆ ಇನ್ನೊಂದು ಪಕ್ಕಕ್ಕೆ ತಿರುಚುವ ಆಸನ ಬೇಕು, ಕಾಲು ಗೋಡೆಗೆ ಎತ್ತಿ ಹತ್ತು ನಿಮಿಷ ಮಲಗುವುದು ಬೇಕು. ಮೈಸೂರು 2015ರಲ್ಲೂ 2016ರಲ್ಲೂ ದೇಶದ ಅತಿ ಸ್ವಚ್ಛ ನಗರ ಅನ್ನಿಸಿಕೊಂಡಿತಲ್ಲ, ಅದು ಇವರ ಸೊಂಟದ ಮೇಲೆ ನಿಂತ ಬಿರುದು. ಇವರಿಗೆ ಯೋಗ ಹೇಳಿಕೊಡುವುದಾದರೆ ಕೆಲಸದ ಅವಧಿಯಲ್ಲೇ, ಸಂಬಳದ ಹೊತ್ತಿನಲ್ಲೇ ಕೊಡಿ. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಇರಿಸಿಕೊಂಡರೆ ಅದು ಯೋಗ ಆಗಲ್ಲ, ಇನ್ನೊಂದು ಡ್ಯೂಟಿ ಆಗುತ್ತದೆ. ಮತ್ತೆ, ಕೈಗವಸು, ಬೂಟು, ಉದ್ದ ಹಿಡಿಯ ಪೊರಕೆ ಕೊಡುವ ಬದಲಿಗೆ ಯೋಗ ಅಂತ ಮಾತ್ರ ಆಗಬಾರದು. ಪೊರಕೆ ಮೊದಲು, ಆಸನ ಆಮೇಲೆ.

ಬಸ್ಸು, ಆಟೋ ಓಡಿಸುವವರಿಗೆ ಸೊಂಟ, ತೊಡೆಯ ಹಿಂಭಾಗ. ಹೂಟಗಳ್ಳಿ, ಹೆಬ್ಬಾಳ ಕಡೆ ಕಂಪ್ಯೂಟರ್ ಮುಂದೆ ಕೂರುವ ಹುಡುಗರಿಗೆ ಕತ್ತು. ಇವರಿಗೆ ಸಂಜೆ ಏಳರ ನಂತರ ತರಗತಿ ಸಿಗಬೇಕು.

ವಯಸ್ಸಾದ ಹೆಂಗಸರಿಗೆ ಕುರ್ಚಿ ಇರಲಿ. ಸಮುದಾಯ ಭವನಗಳಲ್ಲಿ ಪ್ಲಾಸ್ಟಿಕ್ ಕುರ್ಚಿ ಅಟ್ಟಿ ಹಾಕಿರುತ್ತೀರಲ್ಲ, ಅವೇ ಸಾಕು. ಕುರ್ಚಿ, ಹಗ್ಗ, ಕಂಬಳಿ, ಮರದ ತುಂಡು ಇವನ್ನೆಲ್ಲ ಆಸನಕ್ಕೆ ಒದಗಿಸಿಕೊಂಡು ತೋರಿಸಿದವರು ಅಯ್ಯಂಗಾರರೇ. ನೆಲಕ್ಕೆ ಕೂರಲಾಗದವರು ಕುರ್ಚಿ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದನ್ನು ಕಲಿತರೆ ಬಚ್ಚಲುಮನೆಯಲ್ಲಿ ಜಾರಿ ಬೀಳುವ ಅಪಾಯ ಕಡಿಮೆಯಾಗುತ್ತದೆ. ಅರವತ್ತೈದರ ಮೇಲೆ ಸೊಂಟದ ಮೂಳೆ ಮುರಿದರೆ ಆ ಮನೆಯ ಕಥೆ ಏನಾಗುತ್ತದೆ ಅಂತ ಕಂಡವರಿಗೆ ಇದರ ಬೆಲೆ ಗೊತ್ತು.

ಒಂದು ಪಕ್ಕದ ಮಾತು. ಕೃಷ್ಣಮಾಚಾರ್ಯರು ಅರಮನೆಯಲ್ಲಿ ಕಲಿಸುತ್ತಿದ್ದದ್ದು ಹೆಚ್ಚಾಗಿ ಹುಡುಗರಿಗೆ. ಹಾಗಾಗಿ ಜಿಗಿತ, ಹಾರಾಟ ಜಾಸ್ತಿ. ಆಮೇಲಿನ ದಿನಗಳಲ್ಲಿ ಅವರೇ ಒಬ್ಬೊಬ್ಬರ ವಯಸ್ಸು, ಕೆಲಸ, ಕಾಯಿಲೆ ನೋಡಿ ಬೇರೆ ಬೇರೆಯಾಗಿ ಹೇಳಿಕೊಡುತ್ತಿದ್ದರು. ಅವರ ಮಗ ದೇಶಿಕಾಚಾರ್ ಆ ದಾರಿಯನ್ನೇ ಹಿಡಿದರು. ಅವರು ಹುಟ್ಟಿದ್ದು ಮೈಸೂರಿನಲ್ಲಿ, 1938ರ ಜೂನ್ 21ರಂದು. ಯೋಗ ದಿನಕ್ಕೆ ವಿಶ್ವಸಂಸ್ಥೆ ಆರಿಸಿದ್ದೂ ಅದೇ ತಾರೀಕು. ಕಾಕತಾಳೀಯ ಅಷ್ಟೇ, ಆದರೆ ಭಾಷಣ ಮಾಡುವವರಿಗೆ ಉಪಯೋಗಕ್ಕೆ ಬಂದೀತು.

ಯೋಗದಿಂದ ಏನು ಸಿಗುತ್ತದೆ, ಏನು ಸಿಗಲ್ಲ ಅನ್ನುವುದನ್ನೂ ನೇರವಾಗಿ ಹೇಳಿಬಿಡಬೇಕು. ಯೋಗ ಗುರುಗಳೇ, ಈ ಮಾತು ನಿಮಗೆ. ಬಹಳ ದಿನದ ಸೊಂಟ ನೋವಿಗೆ ಯೋಗದಿಂದ ಒಂದು ಮಟ್ಟಿಗೆ ಅನುಕೂಲ ಆಗುತ್ತದೆ ಅನ್ನುವುದಕ್ಕೆ ಒಳ್ಳೆಯ ಅಧ್ಯಯನಗಳಿವೆ. ಉಸಿರನ್ನು ನಿಧಾನ ಮಾಡಿ, ಹೊರಗೆ ಬಿಡುವುದನ್ನು ಉದ್ದ ಮಾಡಿದರೆ ಎದೆಬಡಿತ ಇಳಿಯುತ್ತದೆ, ಬಿಪಿ ಸ್ವಲ್ಪ ತಗ್ಗುತ್ತದೆ. ದೇಹವನ್ನು ಶಾಂತ ಮಾಡುವ ನರಗಳು ಆಗ ಚುರುಕಾಗುತ್ತವೆ. ನಿದ್ದೆ ಬರುತ್ತದೆ. ಶುಗರ್ ಇದ್ದವರಿಗೆ ಮಾತ್ರೆ ಮತ್ತು ಪಥ್ಯದ ಜೊತೆಗೆ ಮಾಡಿದರೆ ಉಪಯೋಗ ಇದೆ. ಜೊತೆಗೆ ಅನ್ನುವುದು ಮುಖ್ಯ. "ಮೂರು ತಿಂಗಳಲ್ಲಿ ಮಾತ್ರೆ ಬಿಡಿಸ್ತೀನಿ" ಅಂತ ಮೈಕಿನಲ್ಲಿ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಾತ್ರೆ ಬಿಡಿಸುವುದು ಡಾಕ್ಟರ ಕೆಲಸ. ಬಿಪಿ ಜಾಸ್ತಿ ಇದ್ದವರಿಗೆ ರಭಸದ ಕಪಾಲಭಾತಿ, ಉಸಿರು ಕಟ್ಟುವ ಕುಂಭಕ ಬೇಡ. ಗ್ಲಾಕೋಮಾ ಇದ್ದವರು ಶೀರ್ಷಾಸನದ ಹತ್ತಿರವೂ ಹೋಗಬಾರದು, ಕಣ್ಣಿನ ಒತ್ತಡ ಏರುತ್ತದೆ. ಬಸುರಿಯರಿಗೆ ಬೇರೆಯೇ ಪಾಠ. ತೂಕ ಇಳಿಸೋಕೆ ಅಂತಲೇ ಬರುವವರಿಗೆ ನಾನು ಹೇಳುವುದು, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬಿರುಸಾಗಿ ನಡೆಯಿರಿ, ಊಟ ನೋಡಿಕೊಳ್ಳಿ, ಯೋಗವನ್ನೂ ಮಾಡಿ.

ಹಾಗಾದರೆ ಯೋಗಕ್ಕೂ ಬೆಳಗಿನ ವಾಕಿಂಗಿಗೂ ವ್ಯತ್ಯಾಸ ಏನು? ಪತಂಜಲಿಯ ಇನ್ನೂರಕ್ಕೆ ಹತ್ತಿರದ ಸೂತ್ರಗಳಲ್ಲಿ ಆಸನದ ಬಗ್ಗೆಯೇ ಇರುವುದು ಮೂರು. ಅದರಲ್ಲೂ ಮೊದಲನೆಯದು ಕೇಳುವುದು, ಅಲುಗದೆ ಸುಖವಾಗಿ ಕೂರು ಅಂತ ಅಷ್ಟೇ. ಕಾಲನ್ನು ಕತ್ತಿಗೆ ಹಾಕು ಅಂತ ಎಲ್ಲೂ ಇಲ್ಲ. ಎಂಟು ಅಂಗಗಳಲ್ಲಿ ಆಸನ ಮೂರನೆಯದು. ಎಲ್ಲಕ್ಕಿಂತ ಮೊದಲು ಬರುವುದು ಯಮ: ಹಿಂಸೆ ಮಾಡಬೇಡ, ಸುಳ್ಳು ಹೇಳಬೇಡ, ಕದಿಯಬೇಡ, ಇಂದ್ರಿಯ ಹಿಡಿತದಲ್ಲಿರಲಿ, ಬೇಕಾದ್ದಕ್ಕಿಂತ ಜಾಸ್ತಿ ಕೂಡಿಡಬೇಡ. ಇದೆಲ್ಲಾ ಒಬ್ಬನೇ ಕೋಣೆಯಲ್ಲಿ ಕೂತು ಮಾಡುವಂಥದ್ದಲ್ಲ. ಪಕ್ಕದ ಮನೆಯವರ ಜೊತೆ, ಕೆಲಸದವರ ಜೊತೆ, ಬೀದಿಯ ಜೊತೆ ಹೇಗಿರಬೇಕು ಅನ್ನುವುದು. ಮನಸ್ಸು ನಿಲ್ಲಿಸುವ ವಿದ್ಯೆಯನ್ನು ಪತಂಜಲಿ ಶುರು ಮಾಡಿದ್ದೇ ನೆರೆಹೊರೆಯಿಂದ. ಈ ಊರಿನಲ್ಲಿ ಯೋಗ ಮಾಡುವವರು ಕಸ ವಿಂಗಡಿಸದೆ ಪೌರಕಾರ್ಮಿಕರ ಕೈಗೆ ಕೊಟ್ಟರೆ, ಅವರು ಎಷ್ಟು ಹೊತ್ತು ಶೀರ್ಷಾಸನದಲ್ಲಿ ನಿಂತರೂ ಮೊದಲ ಮೆಟ್ಟಿಲೇ ಹತ್ತಿಲ್ಲ ಅಂತ ನಾನು ತಿಳಿದುಕೊಂಡಿದ್ದೇನೆ.

ಮಧ್ಯಾಹ್ನದ ತರಗತಿಯಲ್ಲಿ ಈ ನೆರೆಹೊರೆ ಕಣ್ಣಿಗೆ ಕಾಣುತ್ತದೆ. ಶವಾಸನ ಅಂದ ಕೂಡಲೇ ಅರ್ಧ ಜನ ನಿದ್ದೆ ಹೋಗುತ್ತಾರೆ. ಎಬ್ಬಿಸುವುದಿಲ್ಲ. ಮನೆಯಲ್ಲಿ ಹಗಲು ಹತ್ತು ನಿಮಿಷ ಮಲಗಿದರೆ "ಏನಾಯ್ತು, ಹುಷಾರಿಲ್ವಾ?" ಅಂತ ಕೇಳುವವರಿದ್ದಾರೆ, ಇಲ್ಲಿ ಇಲ್ಲ. ಎರಡು ದಿನ ಯಾರಾದರೂ ಬರದಿದ್ದರೆ ಮೂರನೇ ದಿನ ಅವರ ಮನೆ ಬಾಗಿಲಿಗೆ ಹೋಗುವವರು ಇರುತ್ತಾರೆ. ಗಂಡ ಕುಡಿದು ಹೊಡೆದದ್ದು, ಮಗಳ ಓದು ನಿಲ್ಲಿಸುವ ಯೋಚನೆ, ಸಂಘದ ಸಾಲದ ಕಂತು, ಎದೆಯಲ್ಲಿ ಸಿಕ್ಕ ಗಂಟು, ಇವೆಲ್ಲ ಚಾಪೆ ಸುತ್ತುವ ಹೊತ್ತಿನಲ್ಲಿ ಹೊರಗೆ ಬರುತ್ತವೆ. ಎದೆಯ ಗಂಟಿನ ವಿಷಯ ಸಮಯಕ್ಕೆ ಡಾಕ್ಟರ ಹತ್ತಿರ ಹೋಗಿದ್ದು ಯಾವ ಆಸನದ ಬಲದಿಂದಲೂ ಅಲ್ಲ, ಪಕ್ಕದ ಚಾಪೆಯವರು ಕೈ ಹಿಡಿದು ಕರೆದುಕೊಂಡು ಹೋದದ್ದರಿಂದ. ಗಂಡಸರಿಗೆ ಈ ಊರಿನಲ್ಲಿ ಮೊಹಲ್ಲಾಕ್ಕೊಂದು ಗರಡಿಮನೆ ಇತ್ತು, ಈಗಲೂ ಕೆಲವು ಇವೆ. ಕೆಮ್ಮಣ್ಣಿನ ಅಖಾಡದಲ್ಲಿ ಮೈ ಹುರಿಗೊಳ್ಳುತ್ತಿತ್ತು, ಜೊತೆಗೆ ಉಸ್ತಾದರು, ಗೆಳೆಯರು, ಕಷ್ಟಕ್ಕೆ ಆಗುವ ಒಂದು ಗುಂಪು ಸಿಗುತ್ತಿತ್ತು. ಹೆಂಗಸರಿಗೆ ಅಂಥ ಜಾಗ ಯಾವತ್ತೂ ಇರಲಿಲ್ಲ.

ಎಲ್ಲರೂ ಬರಬೇಕು ಅಂದರೆ ಒಂದೆರಡು ಸೂಕ್ಷ್ಮ ನೋಡಿಕೊಳ್ಳಬೇಕು. ಓಂಕಾರ, ಪ್ರಾರ್ಥನೆ ಇಷ್ಟ ಇದ್ದವರು ಹೇಳಲಿ, ಇಲ್ಲದವರು ಸುಮ್ನೆ ಕಣ್ಣು ಮುಚ್ಚಿ ಕೂರಲಿ. ಯೋಗ ದಿನದ ಸರ್ಕಾರಿ ಪಾಠಕ್ರಮದಲ್ಲೇ ಸೂರ್ಯ ನಮಸ್ಕಾರ ಇಲ್ಲ. ನಾವು ಅದಕ್ಕಿಂತ ಬಿಗಿ ಯಾಕೆ ಮಾಡಬೇಕು? ಸೀರೆಯಲ್ಲಿ ಬರಲಿ, ಬುರ್ಖಾದಲ್ಲಿ ಬರಲಿ, ನೈಟಿಯ ಮೇಲೆ ಟವೆಲ್ ಹೊದ್ದು ಬರಲಿ. ಟ್ರ್ಯಾಕ್ ಪ್ಯಾಂಟು ಕಡ್ಡಾಯ ಅಂತ ಬೋರ್ಡು ಹಾಕಿದ ದಿನವೇ ಅರ್ಧ ಜನ ಕಡಿಮೆಯಾಗುತ್ತಾರೆ. ಚಾಪೆ ಮನೆಯಿಂದ ತರುತ್ತಾರೆ, ಇಲ್ಲದವರಿಗೆ ಒಂದು ಜಮಖಾನ ಸಾಕು.

ಇನ್ನೊಂದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆಸನ ತಿದ್ದುವ ನೆಪದಲ್ಲಿ ಆದ ಅನ್ಯಾಯಗಳ ಬಗ್ಗೆ ಹಲವು ದೇಶಗಳ ಹೆಣ್ಣುಮಕ್ಕಳು ಬಹಿರಂಗವಾಗಿ ಮಾತಾಡಿದ್ದಾರೆ. ಯೋಗದ ದೊಡ್ಡ ದೊಡ್ಡ ಹೆಸರುಗಳೇ ಅದರಲ್ಲಿ ಬಂದಿವೆ. ಆದ್ದರಿಂದ ಹೆಂಗಸರ ತರಗತಿಗೆ ಶಿಕ್ಷಕಿಯರನ್ನೇ ನೇಮಿಸಿ. ಯಾರೇ ಆಗಲಿ, ಕೇಳದೆ ಮುಟ್ಟಬಾರದು ಅಂತ ಗೋಡೆಯ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಿ.

ಶಿಕ್ಷಕರು ಎಲ್ಲಿಂದ ಬರಬೇಕು ಅನ್ನುವ ಪ್ರಶ್ನೆ ನಿಮಗೆ ಬಂದೇ ಬರುತ್ತದೆ. ಮೈಸೂರಿನಲ್ಲಿ ಸರ್ಕಾರಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವೈದ್ಯಕೀಯ ಕಾಲೇಜೇ ಇದೆ. ಅಲ್ಲಿ ಯೋಗವನ್ನು ವೈದ್ಯದ ಜೊತೆಗೆ ಓದುವ ಹುಡುಗ ಹುಡುಗಿಯರು ಇದ್ದಾರೆ. ಯಾರಿಗೆ ಯಾವ ಆಸನ ಬೇಡ ಅನ್ನುವುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ವಾರ್ಡುಗಳಿಗೆ ಅವರನ್ನು ಸರದಿಯಲ್ಲಿ ಕಳಿಸಿದರೆ ಅವರಿಗೂ ಅನುಭವ. ಆಯುಷ್ಮಾನ್ ಆರೋಗ್ಯ ಮಂದಿರಗಳ ಯೋಜನೆಯಲ್ಲಿ ಯೋಗ ಹೇಳಿಕೊಡುವುದೂ ಸೇರಿದೆ. ಅದರ ವೇಳಾಪಟ್ಟಿಯನ್ನು ಸ್ಥಳೀಯರನ್ನು ಕೇಳಿ ಇಡಿ. ಬಡಾವಣೆಯಲ್ಲೇ ಚೆನ್ನಾಗಿ ಕಲಿತ ಹೆಂಗಸರು ಸಿಗುತ್ತಾರೆ, ಅವರಿಗೆ ತರಬೇತಿ ಕೊಟ್ಟು ಗೌರವಧನ ಕೊಡಿ. ಉಚಿತ ಸೇವೆ ಒಳ್ಳೆಯದೇ. ಆದರೆ ಉಚಿತವಾಗಿ ಕಲಿಸೋಕೆ ಮನೆಯಲ್ಲಿ ಬೇರೆ ವರಮಾನ ಇರಬೇಕು. ಸೇವೆಯನ್ನೇ ನಂಬಿಕೊಂಡರೆ ಶಿಕ್ಷಕರು ಅನುಕೂಲಸ್ಥರ ಬಡಾವಣೆಗಳಲ್ಲೇ ಉಳಿಯುತ್ತಾರೆ, ಈಗ ಆಗಿರುವುದೂ ಅದೇ.

ಹಣ ಜಾಸ್ತಿ ಬೇಡ. ಹಾಲುಗಳು ಇವೆ: ಸಮುದಾಯ ಭವನ, ನಾಲ್ಕೂವರೆಯ ನಂತರ ಸರ್ಕಾರಿ ಶಾಲೆ, ಮದುವೆ ಇಲ್ಲದ ದಿನ ಶಾದಿ ಮಹಲ್. ಬೇಕಾದದ್ದು ಒಂದು ಫ್ಯಾನು, ಕುಡಿಯುವ ನೀರು, ಬಳಸುವ ಹಾಗಿರುವ ಒಂದು ಶೌಚಾಲಯ. ಸಂಜೆಯ ತರಗತಿಗೆ ಹೋಗಿ ಬರುವ ದಾರಿಯಲ್ಲಿ ಬೀದಿ ದೀಪ ಉರಿಯಬೇಕು. ಮೊದಲ ದಿನ ಆಶಾ ಕಾರ್ಯಕರ್ತೆಯರು ಬಂದು ಎಲ್ಲರ ಬಿಪಿ, ಶುಗರ್ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಆಪ್ ಬೇಡ, ಕ್ಯೂಆರ್ ಕೋಡ್ ಬೇಡ, ಹಾಜರಾತಿಗೆ ಫೋಟೋ ತೆಗೆದು ಗ್ರೂಪಿಗೆ ಹಾಕುವುದು ಖಂಡಿತಾ ಬೇಡ. ಫೋಟೋ ತೆಗೀತಾರೆ ಅಂತ ಗೊತ್ತಾದರೆ ಬಾರದವರು ಎಷ್ಟೋ ಜನ.

65 ವಾರ್ಡಿಗೂ ಒಂದೇ ಸಲ ಆಗಲ್ಲ ಅಂತ ನನಗೂ ಗೊತ್ತು. ಊದುಬತ್ತಿ, ಬೀಡಿ ಕೆಲಸದವರು ಹೆಚ್ಚಿರುವ ಕಡೆಯಿಂದ, ಪೌರಕಾರ್ಮಿಕರ ಕಾಲೊನಿಗಳಿಂದ ಶುರು ಮಾಡಿ. ಹತ್ತು ವಾರ್ಡಿನಲ್ಲಿ ಆರು ತಿಂಗಳು ನಡೆಸಿ, ಬಂದವರನ್ನೇ ಕೇಳಿ ನೋಡಿ. ಉದ್ಘಾಟನೆಗೆ ಶಾಮಿಯಾನ ಹಾಕುವ ದುಡ್ಡಿನಲ್ಲಿ ಒಂದು ಹಾಲಿಗೆ ವರ್ಷದ ಜಮಖಾನ ಬರುತ್ತದೆ, ಹಾಗಾಗಿ ಉದ್ಘಾಟನೆ ಬಿಟ್ಟರೂ ನಡೆಯುತ್ತದೆ.

ಕೊನೆಯದಾಗಿ ಬೀಗದ ಕೈ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಸಾರ್ವಜನಿಕ ಹಾಲುಗಳ ಎಷ್ಟೋ ಒಳ್ಳೆ ಕೆಲಸ ನಿಂತುಹೋಗುವುದು ಇಲ್ಲೇ. ಕೈ ಕಚೇರಿಯಲ್ಲಿದ್ದರೆ ಅಲ್ಲಿಯ ಸಿಬ್ಬಂದಿ ರಜೆ ಹಾಕಿದ ದಿನ ತರಗತಿಗೂ ರಜೆ. ತರಗತಿಗೆ ಬರುವವರಲ್ಲೇ ಹಾಲಿನ ಎದುರು ಮನೆಯ ಒಬ್ಬರಿಗೆ ರಸೀದಿ ಬರೆಸಿಕೊಂಡು ಒಂದು ಕೈ ಕೊಡಿ. ಇನ್ನೊಂದು ಕೈ ಶಿಕ್ಷಕಿಯ ಹತ್ತಿರ ಇರಲಿ. ಅವರಿಬ್ಬರ ಹೆಸರನ್ನೂ ತರಗತಿಯ ಸಮಯವನ್ನೂ ಬಾಗಿಲ ಮೇಲೆ ಬರೆದು ಅಂಟಿಸಿ.

ಇಂತಿ ನಮಸ್ಕಾರಗಳು,
ನಿಮ್ಮ ಊರಿನ ಒಬ್ಬ ಯೋಗ ಶಿಕ್ಷಕಿ
ಕುವೆಂಪುನಗರ, ಮೈಸೂರು